ಉಜ್ಜಬಾರದ ಕಾಲು

ಜನವರಿ 9, ಸೋಮವಾರ

ತರಗತಿಯೊಳಗೆ ಕಾಲಿಟ್ಟ ಕೂಡಲೇ ಮೂವತ್ತೆರಡು ಹುಡುಗ ಹುಡುಗಿಯರು ದಡಬಡನೆ ಎದ್ದು ನಿಂತರು. ನನ್ನನ್ನು ಮೇಷ್ಟ್ರು ಅಂದುಕೊಂಡಿದ್ದರು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು, ನಾನೂ ಸೇರಿಕೊಂಡೆ. ಊಟದ ಹೊತ್ತಿಗೆ ನನಗೆ 'ಮಾವ' ಎಂದು ಹೆಸರು ಬಿದ್ದಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದವನಿಗೆ ಇದಕ್ಕಿಂತ ಮರ್ಯಾದೆಯ ಹೆಸರು ಸಿಗಲಾರದು.

ನನ್ನದು ಎರಡು ವಿಷಯ. ಬೆಳಿಗ್ಗೆ ಕ್ರೀಡಾ ವಿಜ್ಞಾನ, ಮಧ್ಯಾಹ್ನ ಕ್ರೀಡಾ ವ್ಯವಹಾರ ನಿರ್ವಹಣೆ. ಬೆಳಗಿನವರು ಮನುಷ್ಯನ ಮೈ ಹೇಗೆ ಓಡುತ್ತದೆ ಎಂದು ಬಿಡಿಸಿ ತೋರಿಸುತ್ತಾರೆ. ಮಧ್ಯಾಹ್ನದವರು ಆ ಓಟ ನೋಡಲು ಜನ ಬರುವಂತೆ ಮಾಡುವುದು ಹೇಗೆಂದು ಹೇಳಿಕೊಡುತ್ತಾರೆ. ನನಗೆ ಎರಡೂ ಬೇಕಾಗಿರಲಿಲ್ಲ. ಹದಿನಾರು ವರ್ಷದಿಂದ ವಾಲಿಬಾಲ್ ಕ್ಲಬ್ಬಿನಲ್ಲಿ ಮಾಲೀಸು ಮಾಡುತ್ತಿದ್ದೇನೆ. ಕೈ ಇಟ್ಟರೆ ಸಾಕು, ಯಾವ ಸ್ನಾಯು ಮುನಿಸಿಕೊಂಡಿದೆ ಎಂದು ಗೊತ್ತಾಗುತ್ತದೆ. ಆದರೆ ಮುಂದಿನ ವರ್ಷದಿಂದ ಆಟಗಾರರ ಬೆಂಚಿನ ಪಕ್ಕ ಕೂರುವವರೆಲ್ಲ ಪದವಿ ಪಡೆದಿರಬೇಕು, ಇಲ್ಲವೇ ಓದುತ್ತಿರಬೇಕು ಎಂದು ನಿಯಮ ಬಂದಿದೆ. ಕ್ಲಬ್ಬಿನ ಕಾರ್ಯದರ್ಶಿಗಳು ಅರ್ಜಿಯನ್ನು ತಾವೇ ತುಂಬಿಸಿ, ನಿನ್ನ ಕೈಗೆ ಒಂದು ಕಾಗದ ಬೇಕಾಗಿದೆ, ಹೋಗಿ ತಗೊಂಡು ಬಾ ಅಂದರು. ಬಂದೆ.

ಶರೀರಶಾಸ್ತ್ರದ ಮೇಡಂ, ಕಲಿತದ್ದನ್ನು ದಿನಾ ಬರೆದಿಡಿ ಎಂದರು. ಎರಡು ನೋಟ್‌ಬುಕ್ ಕೊಂಡೆ. ಒಂದು ಅವರಿಗೆ ತೋರಿಸುವುದಕ್ಕೆ. ಇದು ನನಗೆ.

ಜನವರಿ 18, ಬುಧವಾರ

ಸ್ನಾಯುಗಳ ಹೆಸರು ಬಾಯಿಪಾಠ ಮಾಡಬೇಕು. ನಾಲಿಗೆ ಹೊರಳುವುದಿಲ್ಲ. ಮಗಳು ಐದನೆಯ ತರಗತಿ, ಮೇಡಂಗಿಂತ ಬಿಗಿ. ಪುಸ್ತಕ ಹಿಡಿದು ಕೂತು, ತೊಡೆಯ ಹಿಂದಿನವು ಮೂರು ಹೇಳು ಅನ್ನುತ್ತಾಳೆ. ನಾನು ಕಣ್ಣು ಮುಚ್ಚಿ ನನ್ನ ತೊಡೆಯನ್ನೇ ಒತ್ತಿ ನೋಡಿಕೊಂಡು ಒಂದೊಂದಾಗಿ ಹೇಳುತ್ತೇನೆ. ಹೆಸರು ಬಾಯಿಗೆ ಬರುವ ಮೊದಲು ಬೆರಳಿಗೆ ಬರುತ್ತದೆ. ಪರೀಕ್ಷೆಯಲ್ಲೂ ಹೀಗೆ ಕಾಲು ಹಿಸುಕಿಕೊಂಡು ಕೂತರೆ ನಕಲು ಹೊಡೆಯುತ್ತಿದ್ದೀಯ ಅಂತ ಎಬ್ಬಿಸಿ ಕಳಿಸ್ತಾರೆ ಎಂದು ಮಗಳು ಎಚ್ಚರಿಸಿದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಎಂಟು ಗಂಟೆ ಕೂತು ಬಂದ ಹೆಂಡತಿ, ಸೊಂಟ ಹಿಡಿದುಕೊಂಡು ನಗುತ್ತಿದ್ದಳು. ಹತ್ತು ನಿಮಿಷ ಅವಳ ಬೆನ್ನು ಒತ್ತಿದೆ. ನಿಮಗೆ ಯಾವ ಕಾಗದವೂ ಬೇಡ ಎಂದಳು.

ಜನವರಿ 27, ಶುಕ್ರವಾರ

ವ್ಯವಹಾರದ ಮೇಷ್ಟ್ರು ನಮ್ಮನ್ನು ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿದರು. ಪ್ರತಿ ಗುಂಪೂ ನಿಜವಾದ ಒಂದು ಪಂದ್ಯಾವಳಿಯನ್ನು ನಡೆಸಿ ತೋರಿಸಬೇಕು. ನಮ್ಮ ಗುಂಪಿನ ಮುಖಂಡತನವನ್ನು ಯಾರೂ ಕೊಡದೆ ತಾನೇ ತೆಗೆದುಕೊಂಡವಳಿಗೆ ಹತ್ತೊಂಬತ್ತು ವರ್ಷ. ಊಟ ಮಾಡುವಾಗಲೂ ಲ್ಯಾಪ್‌ಟಾಪ್ ಮುಚ್ಚುವುದಿಲ್ಲ, ಹಾಗಾಗಿ ಎಲ್ಲರೂ ಅವಳನ್ನು ಲ್ಯಾಪ್‌ಟಾಪ್ ಎಂದೇ ಕರೆಯುತ್ತಾರೆ. ಪಂದ್ಯಾವಳಿ ಎಲ್ಲಿಂದ ತರುವುದು ಎಂದು ಮೂವರೂ ಮುಖ ಮುಖ ನೋಡಿಕೊಂಡಾಗ, ನನ್ನ ಹತ್ತಿರ ಒಂದಿದೆ ಅಂದೆ. ಒಮ್ಮೆಲೇ ಮಾವನ ಬೆಲೆ ಏರಿತು.

ಅದು ಏಣಿಯ ಹೆಸರಿನ ಪಂದ್ಯಾವಳಿ. ಏಣಿ ಎಂದರೆ ನಮ್ಮ ಕ್ಲಬ್ಬಿನ ಆಟಗಾರ, ಎತ್ತರಕ್ಕೆ ಬಿದ್ದ ಹೆಸರು. ಅವನು ಬಲೆಯ ಮುಂದೆ ನಿಂತು ಕೈ ಎತ್ತಿದರೆ ಎದುರಿನವರಿಗೆ ಆಕಾಶ ಕಾಣುತ್ತಿರಲಿಲ್ಲ. ಮೂರು ವರ್ಷದ ಹಿಂದೆ, ಪರಸ್ಥಳದ ಪಂದ್ಯಕ್ಕೆ ಹೋಗಿದ್ದಾಗ, ಬೆಳಿಗ್ಗೆ ಮೈ ಬಿಸಿ ಮಾಡಿಕೊಳ್ಳಲು ಓಡುತ್ತಿದ್ದವನು ಅಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ಇಪ್ಪತ್ತೆರಡು ವರ್ಷ. ಹೃದಯ ನಿಂತಿತು ಎಂದರು. ಆ ವರ್ಷದಿಂದ ಕ್ಲಬ್ಬು ಅವನ ನೆನಪಿಗೆ ಕಪ್ ಇಟ್ಟಿದೆ, ಪ್ರತಿ ಮಾರ್ಚ್ ತಿಂಗಳಲ್ಲಿ.

ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಖುಷಿಯಾದರು. ಈ ಸಲ ನೋವಿನ ಎಣ್ಣೆ ಮಾಡುವ ಕಂಪನಿಯೊಂದು ಪ್ರಾಯೋಜಕರಾಗಿ ಸಿಕ್ಕಿದೆಯಂತೆ, ನಿಮ್ಮ ಹುಡುಗರ ಬುದ್ಧಿಯೂ ಸೇರಲಿ ಎಂದರು.

ಫೆಬ್ರವರಿ 5, ಭಾನುವಾರ

ಮೊನ್ನೆ ನನ್ನ ಕೈಗಳ ಫೋಟೋ ತೆಗೆದರು. ಮುಖ ಬೇಡವಂತೆ, ಕೈ ಸಾಕಂತೆ. ಎಣ್ಣೆಯ ಕಂಪನಿಯವರು ಅಂಗೈಗೆ ಎಣ್ಣೆ ಸುರಿದು, ದೀಪ ಹಾಕಿ, ಒಂದು ಗಂಟೆ ಆಡಿಸಿದರು. ಊರಿನ ಗೋಡೆಗಳ ಮೇಲೆ ಬಸ್ಸಿನಷ್ಟು ದೊಡ್ಡದಾಗಿ ಬರುತ್ತದೆಯಂತೆ. ಹೆಂಡತಿಗೆ ಹೇಳಿದರೆ, ಉಗುರು ಕತ್ತರಿಸಿಕೊಂಡಿದ್ರಾ ಎಂದು ಕೇಳಿದಳು.

ಅದಾದ ಮೇಲೆ ಲ್ಯಾಪ್‌ಟಾಪ್ ನನ್ನನ್ನು ಕೂರಿಸಿ ವಿಡಿಯೋ ಮಾಡಿದಳು. ಏಣಿಯ ಕೊನೆಯ ಸಂಜೆಯ ಬಗ್ಗೆ ಹೇಳಿ ಮಾವ ಅಂದಳು. ಹೇಳಿದೆ. ಹದಿನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದೆವು. ಅವನ ಎಡಗಾಲಿನ ಮೀನಖಂಡ ಊದಿತ್ತು, ನೋವು ಅಂದ. ನಲವತ್ತು ನಿಮಿಷ ಉಜ್ಜಿದೆ. ಅಣ್ಣಾ, ಕಾಲು ಹಗುರಾಯ್ತು ಎಂದು ಹೇಳಿ ಮಲಗಿದ. ನನ್ನ ಕೈಯಿಂದ ಅವನಿಗೆ ಕೊನೆಯದಾಗಿ ಅಷ್ಟಾದರೂ ಆಯಿತು. ಕ್ಯಾಮೆರಾ ಹಿಡಿದಿದ್ದ ಹುಡುಗ ಮೂಗು ಒರೆಸಿಕೊಂಡ.

ಇವತ್ತು ತಿಂಗಳ ಮೊದಲ ಭಾನುವಾರ, ಏಣಿಯ ತಾಯಿಯನ್ನು ನೋಡಿಕೊಂಡು ಬರುವ ದಿನ. ಮೂರು ವರ್ಷದಲ್ಲಿ ತಪ್ಪಿಸಿದ್ದಿಲ್ಲ. ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಪೋಸ್ಟರಿನ ವಿಷಯ ಹೇಳಿದಾಗ ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿ, ಹಾಕಲಿ ತಮ್ಮ, ನನ್ನ ಮಗನ ಕಾಲು ಹಿಡಿದ ಕೈ ಊರೆಲ್ಲ ನೋಡಲಿ ಎಂದರು. ಟೀ ಕೊಟ್ಟರು. ನನ್ನ ಅಂಗಿ ಬಿಚ್ಚಿಸಿ, ಇಸ್ತ್ರಿ ಮಾಡಿಯೇ ಕಳಿಸಿದರು.

ಫೆಬ್ರವರಿ 8, ಬುಧವಾರ

ಬೆಳಗಿನ ಪಾಠ: ಆಟಗಾರನನ್ನು ಯಾವಾಗ ಮುಟ್ಟಬಾರದು.

ಮೇಡಂ ಬೋರ್ಡಿನ ಮೇಲೆ ಬರೆದದ್ದು ಹೀಗಿತ್ತು. ಒಂದೇ ಕಾಲು ಊದಿದ್ದರೆ. ಆ ಕಾಲು ಬಿಸಿಯಾಗಿದ್ದರೆ. ಮೀನಖಂಡ ಒತ್ತಿದಾಗ ನೋವಾದರೆ. ಹತ್ತಿರದ ದಿನಗಳಲ್ಲಿ ಪ್ಲಾಸ್ಟರ್ ಹಾಕಿದ್ದರೆ. ಬಹಳ ಹೊತ್ತು ಕದಲದೆ ಕೂತು ಪ್ರಯಾಣ ಮಾಡಿದ್ದರೆ.

ಅಂಥ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಉಜ್ಜಬಾರದು, ಆಸ್ಪತ್ರೆಗೆ ಕಳಿಸಬೇಕು. ಉಜ್ಜಿದರೆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಆಮೇಲೆ ನಿಮಿಷಗಳ ಮಾತು.

ಇಷ್ಟನ್ನೂ ಮೇಡಂಗೆ ತೋರಿಸುವ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಕ್ಷರ ಚೆನ್ನಾಗಿಯೇ ಬಂದಿದೆ. ಪಕ್ಕದ ಹುಡುಗ ಮಾವ, ಪೆನ್ನು ಕೊಡಿ ಅಂದ, ಕೊಟ್ಟೆ. ಗಂಟೆ ಹೊಡೆಯಿತು. ಎಲ್ಲರೂ ಎದ್ದು ಹೋದರು.

ಫೆಬ್ರವರಿ 9, ಗುರುವಾರ

ಹೋಗಲಿಲ್ಲ. ಜ್ವರ ಎಂದು ಹೇಳಿದೆ.

ಫೆಬ್ರವರಿ 10, ಶುಕ್ರವಾರ

ಕಣಕಾಲು ಉಳುಕಿ ಅವನಿಗೆ ಪ್ಲಾಸ್ಟರ್ ಹಾಕಿದ್ದರು, ಮೂರು ವಾರ. ಬಿಚ್ಚಿದ್ದು ಶನಿವಾರ. ಬಸ್ಸು ಹತ್ತಿದ್ದು ಬುಧವಾರ. ಊದಿದ್ದು ಎಡಗಾಲು, ಬಲಗಾಲು ಸರಿಯಾಗಿಯೇ ಇತ್ತು. ಬಿಸಿ ಇತ್ತೇ? ಇತ್ತು. ಕಾಲಲ್ಲಿ ಒಲೆ ಹೊತ್ತಿಸ್ಕೊಂಡಿದ್ದೀಯಾ ಎಂದು ನಾನೇ ತಮಾಷೆ ಮಾಡಿದ್ದೆ. ಅವನು ನಕ್ಕಿದ್ದ. ಒತ್ತಿದಾಗ ನೋವಾಗಿತ್ತೇ? ಅಣ್ಣಾ ಸ್ವಲ್ಪ ಮೆಲ್ಲಗೆ ಎಂದಿದ್ದ. ನೋವಿದ್ದಲ್ಲೇ ಒತ್ತಬೇಕು ಕಣೋ ಎಂದು ಇನ್ನಷ್ಟು ಒತ್ತಿದ್ದೆ. ವಿಡಿಯೋದಲ್ಲಿ ಇದನ್ನು ಹೇಳಿರಲಿಲ್ಲ. ಬಚ್ಚಿಟ್ಟದ್ದಲ್ಲ. ಹೇಳುವಂಥ ಮಾತು ಅನ್ನಿಸಿರಲಿಲ್ಲ.

ಐದಕ್ಕೆ ಐದೂ ಇತ್ತು.

ಪಾಠ ಮುಗಿದ ಮೇಲೆ ಮೇಡಂ ಕೋಣೆಗೆ ಹೋಗಿ, ನನ್ನ ಗೆಳೆಯನೊಬ್ಬ ಹೀಗೆ ಮಾಡಿದ್ದ ಎಂದು ಶುರು ಮಾಡಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು. ಒಮ್ಮೆ ನನ್ನ ಕೈಗಳ ಕಡೆ ನೋಡಿದರು. ಆಮೇಲೆ ಹೇಳಿದರು, "ನಿಮ್ಮ ಗೆಳೆಯರಿಗೆ ಹೇಳಿ. ಆ ಹೆಪ್ಪು ತಾನಾಗೇ ಕಳಚಿರಬಹುದು. ಬೆಳಿಗ್ಗೆ ಓಡಿದಾಗ ಕಳಚಿರಬಹುದು. ಉಜ್ಜಿದ್ದಕ್ಕೂ ಕಳಚಿರಬಹುದು. ಇದೇ ಅಂತ ಯಾರ ಕೈಲೂ ಹೇಳೋಕಾಗಲ್ಲ."

ಹೌದು ಅಂದಿದ್ದರೆ ಒಂದು ತರ, ಅಲ್ಲ ಅಂದಿದ್ದರೆ ಒಂದು ತರ. ಯಾರ ಕೈಲೂ ಆಗಲ್ಲ ಅನ್ನುವುದನ್ನು ಎಲ್ಲಿಗೆ ತೆಗೆದುಕೊಂಡು ಹೋಗಲಿ? ಗೆಳೆಯನ ಪರವಾಗಿ ಥ್ಯಾಂಕ್ಸ್ ಹೇಳಿ ಬಂದೆ.

ಫೆಬ್ರವರಿ 12, ಭಾನುವಾರ

ಹೆಂಡತಿಗೆ ಹೇಳಿದೆ. ಮಗಳು ಆಟಕ್ಕೆ ಹೋಗಿದ್ದಳು. ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಕೇಳಿದಳು. ಬೇಕಂತ ಮಾಡಿದ್ರಾ ಎಂದಳು. ಇಲ್ಲ ಅಂದೆ. ಗೊತ್ತಿತ್ತಾ ಎಂದಳು. ಇಲ್ಲ ಅಂದೆ. ಮತ್ತೆ ಯಾಕೆ ಹೀಗೆ ಕೂತಿದ್ದೀರಿ ಎಂದು ಕೇಳಲು ಬಾಯಿ ತೆರೆದವಳು, ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ, ಆ ಅಕ್ಕನಿಗೆ ಮಾತ್ರ ಹೇಳಬೇಡಿ ಎಂದಳು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, ಹೇಳದೇ ಇದ್ರೆ ನೀವು ಬದುಕ್ತೀರಾ ಎಂದು ಅವಳೇ ಕೇಳಿದಳು. ನನ್ನ ಒಂದು ಪ್ಯಾಂಟನ್ನು ಮೂರು ಸಲ ಬಿಚ್ಚಿ ಮೂರು ಸಲ ಮಡಿಸಿದಳು.

ಫೆಬ್ರವರಿ 17, ಶುಕ್ರವಾರ

ಕಾರ್ಯದರ್ಶಿಗಳ ಆಫೀಸಿಗೆ ಹೋಗಿದ್ದೆ. ಪೋಸ್ಟರ್ ನಿಲ್ಲಿಸಿ ಅಂತ ಕೇಳಲು ಹೋದದ್ದು. ಕಾರಣ ಕೇಳಿದರು, ಹೇಳಲೇಬೇಕಾಯಿತು. ಅವರು ಬೆಚ್ಚಿ ಬೀಳುತ್ತಾರೆ ಅಂದುಕೊಂಡಿದ್ದೆ. ಬೀಳಲಿಲ್ಲ. ಎದ್ದು ಹೋಗಿ ಬಾಗಿಲು ಮುಚ್ಚಿದರು.

"ಡಾಕ್ಟರು ಅವತ್ತೇ ಹೇಳಿದ್ರು," ಎಂದರು. "ಕಾಲಿಂದ ಹೋದ ಹೆಪ್ಪು ಅಂತ. ನೀನು ಆಸ್ಪತ್ರೆ ಮೆಟ್ಟಿಲ ಮೇಲೆ ತಲೆ ಹಿಡ್ಕೊಂಡು ಕೂತಿದ್ದೆ. ನಿನಗೆ ಹೇಗೆ ಹೇಳ್ಲಿ? ಹೃದಯ ಅಂದುಬಿಟ್ಟೆ. ಹೃದಯ ಅಂದ್ರೆ ಯಾರ ತಪ್ಪೂ ಅಲ್ಲ ನೋಡು."

ಅವರೇ ಮುಂದುವರಿಸಿದರು. ಪ್ಲಾಸ್ಟರ್ ಬಿಚ್ಚಿದ ನಾಲ್ಕು ದಿನಕ್ಕೆ ಅವನನ್ನು ಬಸ್ಸು ಹತ್ತಿಸಿದ್ದು ತಾವೇ, ಹುಡುಗ ಬೆಂಚಿನಲ್ಲಿ ಕೂತರೂ ಸಾಕು, ಎದುರಿನವರು ಹೆದರುತ್ತಾರೆ ಎಂದು. ಅದನ್ನು ತಾವು ಯಾರಿಗೆ ಹೇಳಿಕೊಳ್ಳಬೇಕು? ಅದಕ್ಕೇ ಕಪ್ ಇಟ್ಟದ್ದು. ಅದಕ್ಕೇ ಪ್ರತಿ ವರ್ಷ ಓಡಾಡುವುದು. ಈಗ ಪ್ರಾಯೋಜಕರು ಬಂದಿದ್ದಾರೆ, ಪೋಸ್ಟರ್ ಅಚ್ಚಾಗಿದೆ, ಇಪ್ಪತ್ತು ತಂಡ ಹೆಸರು ಕೊಟ್ಟಿವೆ.

"ನನ್ನ ಹತ್ರ ಹೇಳಿದ್ಯಲ್ಲ, ಆಯ್ತು. ಇಲ್ಲಿಗೇ ಬಿಡು. ಆ ತಾಯಿ ಹೇಗೋ ಎದ್ದು ಓಡಾಡ್ತಿದ್ದಾಳೆ."

ಕೋಪ ಬರಬೇಕಿತ್ತು. ಬರಲಿಲ್ಲ. ಅವರ ಕುತ್ತಿಗೆಯ ನರ ಬಿಗಿದುಕೊಂಡಿತ್ತು, ಎಡಗಡೆ. ಹಿಂದಿನ ದಿನಗಳಾಗಿದ್ದರೆ ಎದ್ದು ಹೋಗಿ ಒತ್ತುತ್ತಿದ್ದೆ.

ಫೆಬ್ರವರಿ 22, ಬುಧವಾರ

ಬಸ್ ನಿಲ್ದಾಣದ ಗೋಡೆಯ ಮೇಲೆ ನನ್ನ ಕೈಗಳು ಬಂದಿವೆ. ಹೆಂಡತಿಯ ಕೌಂಟರಿನ ಸರಿ ಎದುರಿಗೆ. ಅವಳು ಎಂಟು ಗಂಟೆ ಅದನ್ನೇ ನೋಡಿಕೊಂಡು ಟಿಕೆಟ್ ಕೊಡಬೇಕು. ಕೆಳಗೆ ಬರೆದಿರುವುದು: ನೋವು ಎಲ್ಲಿದ್ದರೂ, ಈ ಕೈ ಇದೆ. ಆ ಸಾಲು ಬರೆದವಳು ಲ್ಯಾಪ್‌ಟಾಪ್. ಮೇಷ್ಟ್ರು ಮೆಚ್ಚಿಕೊಂಡಿದ್ದಾರೆ.

ಮಾರ್ಚ್ 1, ಬುಧವಾರ

ವಿಡಿಯೋ ಬೇಡಮ್ಮ, ತೆಗೆದುಬಿಡು ಎಂದು ಮೊನ್ನೆ ಲ್ಯಾಪ್‌ಟಾಪ್‌ಗೆ ಕೇಳಿಕೊಂಡೆ. ಅವಳು ಕಾರಣ ಕೇಳಬಹುದೆಂದು ಸುಳ್ಳೊಂದನ್ನು ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಲಿಲ್ಲ. ಸ್ವಲ್ಪ ಹೊತ್ತು ನನ್ನನ್ನು ನೋಡಿ, ಆಯ್ತು ಮಾವ ಎಂದು ಅಲ್ಲೇ ಅಳಿಸಿದಳು. ಇವತ್ತು ಆ ಭಾಗ ಖಾಲಿ ಎಂದು ಇಡೀ ಗುಂಪಿಗೆ ಅಂಕ ಕಡಿಮೆ ಬಂತು. ಉಳಿದಿಬ್ಬರು ಅವಳ ಮೇಲೆ ಮುನಿಸಿಕೊಂಡಿದ್ದಾರೆ. ಅವಳು ನನ್ನ ಹೆಸರು ಎತ್ತಲೇ ಇಲ್ಲ.

ಕ್ಲಬ್ಬಿನಲ್ಲೂ ರಗಳೆ. ಹೊಸ ಆಟಗಾರನೊಬ್ಬ ಮೀನಖಂಡ ಹಿಡಿದುಕೊಂಡಿದೆ ಎಂದು ಬಂದು ಮೇಜಿನ ಮೇಲೆ ಮಲಗಿದ. ನಾನು ಎರಡೂ ಕಾಲಿನ ಸುತ್ತಳತೆ ದಾರ ಹಿಡಿದು ನೋಡಿದೆ. ಯಾವಾಗಿನಿಂದ, ಎಲ್ಲಿಗಾದರೂ ಹೋಗಿದ್ದೆಯಾ, ಉಸಿರಾಟ ಹೇಗಿದೆ ಎಂದೆಲ್ಲ ಕೇಳಿದೆ. ಮೊನ್ನೆ ಊರಿಂದ ಬಸ್ಸಿನಲ್ಲಿ ಬಂದೆ ಅಂದ. ಅಷ್ಟಕ್ಕೇ ಆಸ್ಪತ್ರೆಗೆ ಕಳಿಸಿದೆ. ಅರ್ಧ ದಿನದ ಅಭ್ಯಾಸ ಹಾಳು. ಅವರು ಪರೀಕ್ಷೆ ಮಾಡಿ, ಏನೂ ಇಲ್ಲ, ಬರೀ ಸೆಳೆತ ಎಂದು ವಾಪಸು ಕಳಿಸಿದರು. ತರಬೇತುದಾರರು ಎಲ್ಲರ ಮುಂದೆ, ಓದಿಸಿದ್ದು ತಪ್ಪಾಯ್ತು, ಉಜ್ಜೋನು ಹೋಗಿ ಪ್ರಶ್ನೆ ಕೇಳೋನು ಬಂದ ಎಂದರು. ಎಲ್ಲರೂ ನಕ್ಕರು. ಸಂಜೆ ಮಗಳು ಓಡಿ ಬಂದು ಕಾಲು ನೋವು, ಒತ್ತು ಅಂದಳು. ಅವಳನ್ನೂ ಕೂರಿಸಿ ಕೇಳಿದ್ದೇ ಕೇಳಿದೆ. ನಾನು ಅಮ್ಮನ ಹತ್ರ ಹೋಗ್ತೀನಿ ಎಂದು ಎದ್ದು ಹೋದಳು.

ಎಣ್ಣೆಯ ಬಾಟಲಿ ಎಲ್ಲಿಟ್ಟೆನೋ ಸಿಗುತ್ತಿಲ್ಲ.

ಮಾರ್ಚ್ 5, ಭಾನುವಾರ

ಹೇಳಿಬಿಡಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕನ ಅಂಗಡಿಯ ಒಳಗೋಡೆಗೆ ಪೋಸ್ಟರ್ ಅಂಟಿಸಿದ್ದರು. ಕಂಪನಿಯ ವ್ಯಾನಿನವನ ಹತ್ತಿರ ಕೇಳಿ ಪಡೆದರಂತೆ. ಬಟ್ಟೆ ಕೊಡಲು ಬಂದ ಹೆಂಗಸಿಗೆ, ಇವನೇ, ಇವನದೇ ಕೈ ಎಂದು ತೋರಿಸಿದರು. ಆ ಹೆಂಗಸು ನನ್ನ ಕೈ ನೋಡಿದಳು, ಪೋಸ್ಟರ್ ನೋಡಿದಳು, ಫೋಟೋದಲ್ಲಿ ಬೆಳ್ಳಗೆ ಕಾಣ್ತವೆ ಅಂದಳು. ಅಕ್ಕ ನಕ್ಕರು. ಅವರು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು. ಜೋಡಿಸಿಕೊಂಡು ಹೋಗಿದ್ದನ್ನು ಹೇಳದೆ ಟೀ ಕುಡಿದೆ. ಪಂದ್ಯದ ದಿನ ಉಡಲು ಯಾವ ಸೀರೆ ಎಂದು ಕೇಳಿದರು, ನೀಲಿಯದು ಎಂದೆ.

ಮಾರ್ಚ್ 12, ಭಾನುವಾರ

ಪಂದ್ಯಾವಳಿ ಮುಗಿಯಿತು. ನಮ್ಮ ಗುಂಪಿನ ಲೆಕ್ಕದಲ್ಲಿ ಗೆದ್ದ ಹಾಗೆ. ಕುರ್ಚಿ ಸಾಲದೆ ಜನ ನಿಂತು ನೋಡಿದರು. ಗೆದ್ದ ತಂಡಕ್ಕೆ ಅಕ್ಕ ಕಪ್ ಕೊಟ್ಟರು, ನೀಲಿ ಸೀರೆ ಉಟ್ಟು. ಅದಾದ ಮೇಲೆ ಕಾರ್ಯದರ್ಶಿಗಳು ಮೈಕಿನಲ್ಲಿ ನನ್ನನ್ನು ಕರೆದರು. ನಾನು ಹೋಗಲಿಲ್ಲ. ಎರಡನೆಯ ಸಲ ಕರೆದರು. ಪಕ್ಕದವರು ಎಬ್ಬಿಸಿ ತಳ್ಳಿದರು. ವೇದಿಕೆಯ ಮೇಲೆ ಕಂಪನಿಯವರು ನನ್ನ ಕೈಗಳ ಆಕಾರದಲ್ಲಿ ಮಾಡಿಸಿದ ಗಾಜಿನ ಫಲಕವನ್ನು ಅಕ್ಕನ ಕೈಗೆ ಕೊಟ್ಟು ನನಗೆ ಕೊಡಿಸಿದರು. ಅಕ್ಕ ಮೈಕ್ ಹಿಡಿದು, ನನ್ನ ಮಗ ಒಳ್ಳೆಯವರ ಕೈಯಲ್ಲಿ ಹೋದ, ಅಷ್ಟು ಸಮಾಧಾನ ನನಗೆ ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಕಾರ್ಯದರ್ಶಿಗಳು ನೆಲ ನೋಡುತ್ತಾ ಚಪ್ಪಾಳೆ ತಟ್ಟುತ್ತಿದ್ದರು.

ಇನ್ನು ನನ್ನಿಂದ ಆಗುವುದಿಲ್ಲ.

ಮಾರ್ಚ್ 13, ಸೋಮವಾರ

ತರಗತಿ ತಪ್ಪಿಸಿ ಬೆಳಿಗ್ಗೆಯೇ ಲಾಂಡ್ರಿಗೆ ಹೋದೆ. ಅಕ್ಕ ಹೋಟೆಲಿನ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಸೋಮವಾರ ಯಾಕೆ ಬಂದೆ ಎಂದರು. ನಿಂತುಕೊಂಡೇ ಹೇಳಿದೆ. ಪಾಠದಲ್ಲಿ ಕೇಳಿದ್ದು, ಅವನ ಕಾಲು ಹೇಗಿತ್ತು ಅನ್ನುವುದು, ಮೆಲ್ಲಗೆ ಅಂದದ್ದು, ನಾನು ಇನ್ನಷ್ಟು ಒತ್ತಿದ್ದು. ಹೃದಯ ಅಲ್ಲ ಅಕ್ಕ ಎಂದೆ. ಕಾರ್ಯದರ್ಶಿಗಳ ಮಾತು ಎತ್ತಲಿಲ್ಲ. ಅದು ಅವರು ಹೇಳಬೇಕಾದದ್ದು.

ಅವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ ಆರಿಸಿದರು. ನನ್ನನ್ನು ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಅದಕ್ಕೇ ಬಂದಿದ್ದೆನೋ ಏನೋ.

"ಅವತ್ತು ಸಂಜೆ ಫೋನ್ ಮಾಡಿದ್ದ," ಎಂದರು. ದನಿ ಮಾಮೂಲಿನಂತೆಯೇ ಇತ್ತು. "ಅಮ್ಮಾ, ಕಾಲು ತುಂಬ ನೋಯ್ತಿದೆ, ಇಲ್ಲಿ ಯಾರಾದ್ರೂ ಡಾಕ್ಟರ ಹತ್ರ ತೋರಿಸ್ಲಾ ಅಂದ. ಡಾಕ್ಟರು ಯಾಕೋ, ಅಣ್ಣ ಇದಾನಲ್ಲ, ಚೆನ್ನಾಗಿ ಉಜ್ಜಿಸ್ಕೊಂಡು ಮಲಕ್ಕೋ ಅಂದೆ. ನಾನೇ ಅಂದಿದ್ದು."

ಈ ಫೋನಿನ ವಿಷಯ ಮೂರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಯಾರಿಗೂ ಹೇಳಿರಲಿಲ್ಲ. ಅದು ನಂದು ಅಂತ ಇಟ್ಕೊಂಡಿದ್ದೆ. ಕೊನೇ ಸಲ ಮಾತಾಡಿದಾಗ ಬೈದಿಲ್ಲ, ರೇಗಿಲ್ಲ, ಒಳ್ಳೇದೇ ಹೇಳಿದ್ದೀನಿ ಅಂತ. ಅದನ್ನ ನೆನೆಸ್ಕೊಂಡು ಮಲಗ್ತಿದ್ದೆ ತಮ್ಮ."

ಅಕ್ಕ, ನಿಮಗೆ ಹೇಗೆ ಗೊತ್ತಾಗಬೇಕು ಎಂದೆ. ನಿನಗೆ ಹೇಗೆ ಗೊತ್ತಾಗಬೇಕು ಎಂದು ಅವರು ತಿರುಗಿ ನನ್ನನ್ನು ಕೇಳಲಿಲ್ಲ. ದಿಂಬಿನ ಚೀಲಗಳನ್ನು ಎಣಿಸತೊಡಗಿದರು. ಹದಿನೇಳರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿದರು. ಆಮೇಲೆ, ಹೋಗು ಎಂದರು.

ಮಾರ್ಚ್ 14, ಮಂಗಳವಾರ

ಹೊರೆ ಇಳಿಸಲು ಹೋದೆ. ಅವರ ತಲೆಯ ಮೇಲೆ ಇಳಿಸಿ ಬಂದೆ. ನನ್ನದೂ ಹಗುರಾಗಲಿಲ್ಲ.

ಹೆಂಡತಿ ಊಟ ಬಡಿಸಿದಳು. ಹೇಳಬೇಡಿ ಅಂದಿದ್ದೆನಲ್ಲ ಎಂದಾದರೂ ಅನ್ನಬಹುದಿತ್ತು.

ಮಾರ್ಚ್ 17, ಶುಕ್ರವಾರ

ಕಿರುಪರೀಕ್ಷೆ. ಮೂರನೆಯ ಪ್ರಶ್ನೆ: ಮಾಲೀಸು ಮಾಡಬಾರದ ಸಂದರ್ಭಗಳನ್ನು ಬರೆಯಿರಿ. ಬರೆದೆ. ಆ ಪ್ರಶ್ನೆಗೆ ಪೂರ್ತಿ ಅಂಕ ಪಡೆದವನು ಇಡೀ ತರಗತಿಯಲ್ಲಿ ನಾನೊಬ್ಬನೇ ಅಂತೆ. ಹುಡುಗರು ಬೆನ್ನು ತಟ್ಟಿದರು.

ಮಾರ್ಚ್ 21, ಮಂಗಳವಾರ

ಹನ್ನೊಂದು ಗಂಟೆಗೆ ಗೇಟಿನ ಕಾವಲಿನವರು ತರಗತಿಗೆ ಬಂದು, ನಿಮ್ಮನ್ನ ಕಾಣೋಕೆ ಒಬ್ರು ಬಂದಿದಾರೆ ಎಂದರು. ಹೋಗಿ ನೋಡಿದರೆ ಅಕ್ಕ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಎಂಟು ದಿನದಲ್ಲಿ ಮುಖ ಇಳಿದುಹೋಗಿತ್ತು. ನಿನಗೆ ಪಾಠ ಹೇಳುವವರು ಯಾರು, ಅವರನ್ನು ನೋಡಬೇಕು ಎಂದರು.

ಮೇಡಂ ಕೋಣೆಗೆ ಕರೆದುಕೊಂಡು ಹೋದೆ. ನಾನು ಹೊರಗೆ ನಿಲ್ಲುತ್ತೇನೆ ಎಂದದ್ದಕ್ಕೆ ಅಕ್ಕ, ಬೇಡ, ಕೂರು ಎಂದರು. ಚೀಲದಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಆಸ್ಪತ್ರೆಯವರು ಆಗ ಕೊಟ್ಟದ್ದು. ಅದರಲ್ಲಿ ಬರೆದದ್ದು ಓದಲು ಬರುತ್ತಿರಲಿಲ್ಲ, ಯಾರ ಹತ್ತಿರವೂ ಓದಿಸಿರಲಿಲ್ಲ. ಇಸ್ತ್ರಿ ಹಾಕಿಯೇ ಇಟ್ಟಿದ್ದರು ಅಂತ ಕಾಣುತ್ತದೆ, ಮಡಿಕೆ ಚೂರಿಯಂತಿತ್ತು. ಮೇಡಂ ಓದಿದರು. ಹೌದಮ್ಮ, ಶ್ವಾಸಕೋಶಕ್ಕೆ ಹೋದ ಹೆಪ್ಪು ಎಂದರು.

ಅಕ್ಕ ಕೇಳಿದರು, "ಅವತ್ತು ಸಂಜೆ ಡಾಕ್ಟರ ಹತ್ರ ಹೋಗಿದ್ರೆ ಉಳೀತಿದ್ನಾ?"

ಮೇಡಂ ಕಾಗದವನ್ನು ಇನ್ನೊಮ್ಮೆ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಸುಳ್ಳು ಹೇಳಿ ಮೇಡಂ, ಒಂದೇ ಒಂದು, ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಉಳಿಯೋ ಸಾಧ್ಯತೆ ಇತ್ತಮ್ಮ," ಎಂದರು. "ಉಳೀತಿದ್ದ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ. ಉಳೀತಿರಲಿಲ್ಲ ಅಂತಾನೂ ಆಗಲ್ಲ."

"ಕಾಲು ನೋವು ಅಂತ ಮಗ ಹೇಳಿದ್ರೆ, ತಾಯಿಗೆ ಇದೆಲ್ಲ ತಿಳೀಬೇಕಿತ್ತಾ?"

"ಇಲ್ಲಮ್ಮ. ತಿಳಿಯೋದಿಲ್ಲ."

ಅಕ್ಕ ನನ್ನ ಕಡೆ ತಿರುಗಲಿಲ್ಲ, ಬೆರಳು ಮಾತ್ರ ತೋರಿಸಿದರು. "ಇವನಿಗೆ?"

ಮೇಡಂ ಕನ್ನಡಕ ತೆಗೆದರು. "ತಿಳಿದಿರಬೇಕಿತ್ತು," ಎಂದರು. "ಆದ್ರೆ ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದೆ ಕೆಲಸಕ್ಕೆ ಇಟ್ಕೊಂಡಿದ್ರು."

ಅಕ್ಕ ಕಾಗದವನ್ನು ಹಳೆಯ ಮಡಿಕೆಯ ಮೇಲೆಯೇ ಮಡಿಸಿ ಚೀಲದಲ್ಲಿಟ್ಟುಕೊಂಡರು. ಮೇಡಂ ನೀರು ಕೊಟ್ಟರು, ಪೂರ್ತಿ ಕುಡಿದರು.

ವಿಶ್ವವಿದ್ಯಾಲಯದ ಹತ್ತಿರದ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದೆ. ಬಿಸಿಲು ಜೋರಾಗಿತ್ತು. ಅವರು ಗೋಡೆಯ ನೆರಳಿನಲ್ಲಿ ನಡೆಯಲಿ ಎಂದು ನಾನು ರಸ್ತೆಯ ಕಡೆಗೆ ಬಂದೆ. ಸ್ಟಾಪಿನಲ್ಲಿ ಬೆಂಚಿನ ಈ ತುದಿಯಲ್ಲಿ ಅವರು, ಆ ತುದಿಯಲ್ಲಿ ನಾನು. ಮೊದಲ ಬಸ್ಸು ಬಂತು, ಹತ್ತಲಿಲ್ಲ. ಕ್ಷಮಿಸಿ ಅನ್ನಬೇಕೆಂದಿದ್ದೆ. ಆ ಮಾತು ಅಷ್ಟು ದೊಡ್ಡದಕ್ಕೆ ಸಾಲುತ್ತಿರಲಿಲ್ಲ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಎರಡನೆಯ ಬಸ್ಸು ಬಂದಾಗ ಎದ್ದರು. ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ನನ್ನ ಕಡೆ ನೋಡಿದರು.

"ಸ್ವಲ್ಪ ದಿನ ಮನೆ ಕಡೆ ಬರಬೇಡ," ಎಂದರು. ಕಂಡಕ್ಟರು ಹತ್ತಿ ಅಮ್ಮ ಎಂದ. ಹತ್ತಿದರು. ಒಳಗಿನಿಂದ ಬಗ್ಗಿ ಇನ್ನೊಂದು ಮಾತು ಹೇಳಿದರು. "ಬರೋದು ಬಿಟ್ಟೇ ಬಿಡಬೇಡ."

ಆಯಿತು ಅಕ್ಕ ಎಂದೆ. ಬಾಗಿಲು ಮುಚ್ಚಿತು. ಸ್ವಲ್ಪ ದಿನ ಅಂದರೆ ಎಷ್ಟು ದಿನ ಎಂದು ಕೇಳಲು ಧೈರ್ಯ ಬರಲಿಲ್ಲ.